ಹನ್ನೆರಡು ವೋಲ್ಟಿನ ದೀಪವೂ ತಮೋವಾದವೂ

ಕತ್ತಲೆಯೆಂಬುದು ಒಂದು ವಸ್ತುವೋ ಅಥವಾ ಬೆಳಕಿಲ್ಲದಿರುವಿಕೆಗೆ ನಾವು ಇಟ್ಟುಕೊಂಡ ಹೆಸರು ಮಾತ್ರವೋ ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಹೊತ್ತು ಕಳೆಯುವುದಕ್ಕಾಗಿ ಎತ್ತಿಕೊಂಡವರಲ್ಲ. ವೈಶೇಷಿಕರು ಪೃಥಿವಿ, ಜಲ, ತೇಜಸ್ಸು, ವಾಯು, ಆಕಾಶ, ಕಾಲ, ದಿಕ್ಕು, ಆತ್ಮ, ಮನಸ್ಸು ಎಂದು ಒಂಬತ್ತು ದ್ರವ್ಯಗಳನ್ನು ಎಣಿಸಿ ಲೆಕ್ಕವನ್ನು ಮುಗಿಸಿದರೆ, ಕುಮಾರಿಲಭಟ್ಟನ ಅನುಯಾಯಿಗಳಾದ ಮೀಮಾಂಸಕರು, ಹಾಗಾದರೆ ಕತ್ತಲೆಯನ್ನು ಎಲ್ಲಿ ಬಿಟ್ಟಿರೆಂದು ಅವರನ್ನು ಅಡ್ಡಗಟ್ಟಿದರು. ಅದಕ್ಕೆ ಕಪ್ಪು ಬಣ್ಣವುಂಟು, ದೀಪ ಹಿಡಿದು ಮುಂದೆ ನಡೆದರೆ ಅದು ಸರಿಯುವುದು ಕಣ್ಣಿಗೇ ಕಾಣುತ್ತದೆ, ಗುಣವೂ ಕ್ರಿಯೆಯೂ ಉಳ್ಳದ್ದು ದ್ರವ್ಯವಲ್ಲದೆ ಮತ್ತೇನು ಎಂಬುದು ಅವರ ವಾದ. ವೈಶೇಷಿಕರ ಪಕ್ಷವನ್ನು ಹಿಡಿದ ನೈಯಾಯಿಕನು ಬಗ್ಗಲಿಲ್ಲ. ಬಣ್ಣವುಳ್ಳ ಯಾವ ವಸ್ತುವನ್ನಾಗಲಿ ಕಣ್ಣು ಬೆಳಕಿನ ನೆರವಿನಿಂದಲೇ ಕಾಣತಕ್ಕದ್ದು, ಕತ್ತಲೆಯಾದರೋ ಬೆಳಕನ್ನು ತಂದೊಡನೆ ಇಲ್ಲವಾಗುತ್ತದೆ, ಆದುದರಿಂದ ಅದು ತೇಜಸ್ಸಿನ ಅಭಾವವೇ ಹೊರತು ಹತ್ತನೆಯ ದ್ರವ್ಯವಲ್ಲ, ಅದರ ಚಲನೆಯೂ ಬಣ್ಣವೂ ಭ್ರಾಂತಿ ಎಂದು ಅವನು ತೀರ್ಮಾನ ಕೊಟ್ಟನು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಅದರ ದೀಪಿಕಾವ್ಯಾಖ್ಯೆಯೊಡನೆ ಓದತೊಡಗಿದ ವಿದ್ಯಾರ್ಥಿಗೆ ಆರಂಭದಲ್ಲಿಯೇ ಎದುರಾಗುವ ಜಗಳವಿದು. ಜೈನರು ಇವರಿಬ್ಬರಿಗೂ ಸೇರದೆ, ಕತ್ತಲೆ, ನೆರಳು, ಬಿಸಿಲು, ತಂಬೆಳಕುಗಳೆಲ್ಲವೂ ಪುದ್ಗಲದ, ಎಂದರೆ ಜಡವಸ್ತುವಿನ, ಪರ್ಯಾಯಗಳೆಂದು ಉಮಾಸ್ವಾತಿಯ ತತ್ತ್ವಾರ್ಥಸೂತ್ರವನ್ನು ಮುಂದಿಟ್ಟರು.

ಈ ಚರ್ಚೆಯಿಂದ ಯಾರ ಮನೆಯ ಒಲೆ ಉರಿಯಿತು ಎಂದು ಕೇಳುವವರು ಯಾವ ಕಾಲದಲ್ಲಿಯೂ ಇದ್ದಾರೆ. ಆದರೆ ಇದರೊಳಗೆ ಒಂದು ವ್ಯಾವಹಾರಿಕ ಪ್ರಶ್ನೆ ಅಡಗಿದೆ. ಕತ್ತಲೆಯು ಬರಿಯ ಇಲ್ಲದಿರುವಿಕೆಯಾದರೆ, ಬರಿದಾದ ಕೊಡಕ್ಕೆ ನೀರು ತುಂಬಿದಾಗ ಯಾರಿಗೂ ನಷ್ಟವಾಗದಂತೆ, ರಾತ್ರಿಯನ್ನು ಬೆಳಕಿನಿಂದ ಎಷ್ಟು ತುಂಬಿದರೂ ಯಾರಿಗೂ ಏನೂ ಕಳೆಯುವುದಿಲ್ಲ. ಅದು ವಸ್ತುವಾದರೆ, ಹಚ್ಚಿದ ಪ್ರತಿಯೊಂದು ದೀಪವೂ ಇದ್ದದ್ದನ್ನು ಒಂದಿಷ್ಟು ಹೊರದಬ್ಬುತ್ತದೆ, ಆದ್ದರಿಂದ ದೀಪ ಹಚ್ಚಿದವನು ಅದಕ್ಕೆ ಲೆಕ್ಕ ಕೊಡಬೇಕಾಗುತ್ತದೆ. ದೀಪವೆಂದರೆ ಶುಭ, ತಮಸ್ಸೆಂದರೆ ಅಜ್ಞಾನ ಎಂಬ ಸಮೀಕರಣವನ್ನು ಬಾಲ್ಯದಿಂದ ಕೇಳಿ ಬೆಳೆದ ನಮಗೆ ಈ ಎರಡನೆಯ ಪಕ್ಷವು ಸುಲಭವಾಗಿ ರುಚಿಸುವಂಥದಲ್ಲ. ಅದನ್ನು ನಾನು ಮತ್ತೆ ಕೈಗೆತ್ತಿಕೊಳ್ಳುವಂತಾದದ್ದು ಯಾವ ಮಠದ ವಿದ್ವತ್ಸಭೆಯಲ್ಲಿಯೂ ಅಲ್ಲ, ನನ್ನ ಸೋದರಳಿಯನು ಕೊಂಡು ತಂದ ಒಂದು ಹಳೆಯ ಟೆಂಪೋ ಟ್ರಾವೆಲರಿನ ಹೊಟ್ಟೆಯೊಳಗೆ.

ಭಟ್ಕಳದಿಂದ ಹೊನ್ನಾವರವನ್ನು ಹಾದು ಕುಮಟೆಯ ಕಡೆಗೆ ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಈಚೆಗೆ ಹೊಸ ಬಗೆಯ ಯಾತ್ರಿಕರು ಕಾಣಿಸಿಕೊಳ್ಳುತ್ತಿದ್ದಾರೆ. ಇವರು ಛತ್ರವನ್ನು ಹುಡುಕುವವರಲ್ಲ, ವಸತಿಗೃಹದ ಬಾಡಿಗೆಯನ್ನು ಚೌಕಾಶಿ ಮಾಡುವವರಲ್ಲ. ವ್ಯಾನಿನ ಆಸನಗಳನ್ನು ಕಿತ್ತು, ಪ್ಲೈವುಡ್ಡಿನ ಮಂಚವೊಂದನ್ನೂ ಸಣ್ಣ ಒಲೆಯೊಂದನ್ನೂ ನೀರಿನ ಕ್ಯಾನೊಂದನ್ನೂ ಅದರಲ್ಲಿ ಹೊಂದಿಸಿಕೊಂಡು, ಮುರ್ಡೇಶ್ವರದಲ್ಲೊಂದು ರಾತ್ರಿ, ಕಾಸರಕೋಡಿನ ಗಾಳಿಮರಗಳ ಬದಿಯಲ್ಲೊಂದು ರಾತ್ರಿ, ಗೋಕರ್ಣದ ಗುಡ್ಡದ ಮೇಲೊಂದು ರಾತ್ರಿ ಎಂದು ಕಳೆಯುವ ಗೃಹಸ್ಥರೂ ಅಲ್ಲದ ಪರಿವ್ರಾಜಕರೂ ಅಲ್ಲದ ಜನ. ನನ್ನ ಅಳಿಯನು ಈ ಪಂಥಕ್ಕೆ ದೀಕ್ಷೆ ಪಡೆದ ಮೇಲೆ ನನ್ನಲ್ಲಿಗೆ ಬಂದದ್ದು ಶಾಸ್ತ್ರಾರ್ಥಕ್ಕಾಗಿ ಅಲ್ಲ. ನಾನು ಬಹುಕಾಲ ಹೈಸ್ಕೂಲಿನಲ್ಲಿ ಭೌತವಿಜ್ಞಾನವನ್ನು ಕಲಿಸಿದವನಾದುದರಿಂದ, “ಮಾವ, ಒಳಗೆ ದೀಪ ಹಾಕಬೇಕು, ಹೆಚ್ಚು ಖರ್ಚಾಗಬಾರದು, ಎಷ್ಟು ಬೇಕಾದೀತು ಹೇಳಿ” ಎಂದು ಕೇಳಿದನು.

ಎಷ್ಟು ಬೇಕು ಎಂಬುದೇ ಕಠಿನವಾದ ಪ್ರಶ್ನೆ. ಒಂದು ಮೇಣದಬತ್ತಿಯು ಎಲ್ಲ ದಿಕ್ಕಿಗೂ ಸೇರಿ ಚೆಲ್ಲುವ ಬೆಳಕು ಸುಮಾರು ಹನ್ನೆರಡು ಲ್ಯೂಮೆನ್. ದೇವರ ಮುಂದಿನ ಒಂಟಿ ಬತ್ತಿಯ ನೀಲಾಂಜನವೂ ಹೆಚ್ಚುಕಡಿಮೆ ಅದೇ ತರಗತಿಯದು. ಈಗಿನ ಸಾಧಾರಣ ಎಲ್‌ಇಡಿ ಪಟ್ಟಿಯು ಒಂದು ವ್ಯಾಟಿಗೆ ಎಂಬತ್ತು ಲ್ಯೂಮೆನ್ನಿನಷ್ಟು ಕೊಡುತ್ತದೆ. ಅಂದರೆ ಹತ್ತು ವ್ಯಾಟಿನ ಪಟ್ಟಿಯೊಂದನ್ನು ವ್ಯಾನಿನ ಮಾಡಿಗೆ ಅಂಟಿಸಿ ಗುಂಡಿಯನ್ನು ಒತ್ತಿದರೆ, ಅರುವತ್ತಕ್ಕೂ ಮೇಲ್ಪಟ್ಟು ಬತ್ತಿಗಳನ್ನು ಒಂದೇ ಕ್ಷಣದಲ್ಲಿ ಹಚ್ಚಿದಂತಾಯಿತು. ನಮ್ಮ ಅಜ್ಜಿಯರು ಕಾರ್ತಿಕದ ದೀಪೋತ್ಸವಕ್ಕೆಂದು ವಾರಗಟ್ಟಲೆ ಹೊಸೆದಿಟ್ಟ ಬತ್ತಿಗಳ ಬೆಳಕು ಎಂಟಡಿ ಉದ್ದದ ಒಂದು ತಗಡಿನ ಕೋಣೆಗೆ ದಿನನಿತ್ಯದ ಬಳಕೆಯಾಯಿತು. ಇದಕ್ಕೆ ತಗಲುವ ಹಣವು ಕೆಲವೇ ನೂರು ರೂಪಾಯಿ. ನೀಲಿ ಬೆಳಕನ್ನು ಸೂಸುವ ಅರೆವಾಹಕವನ್ನು ಸಾಧಿಸಿದ ಅಕಸಾಕಿ, ಅಮಾನೊ, ನಾಕಾಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ನ್ಯಾಯವಾಗಿಯೇ ಇದೆ. ಆ ನೀಲಿಗೆ ಹಳದಿ ಸೂಸುವ ಲೇಪವನ್ನು ಬಳಿದು ಬಿಳಿಯ ಬೆಳಕನ್ನು ಮಾಡಿದ್ದರಿಂದಲೇ ಬಡವನ ಗುಡಿಸಲಿಗೂ ದೀಪ ಅಗ್ಗವಾಯಿತು. ಅಗ್ಗವಾದದ್ದನ್ನು ಮನುಷ್ಯನು ಕಡಿಮೆ ಬಳಸುತ್ತಾನೆಂದು ಮಾತ್ರ ಯಾರೂ ನಂಬಬೇಕಾಗಿಲ್ಲ. ಅಳಿಯನು ಹತ್ತು ವ್ಯಾಟು ಸಾಲದೆಂದು, ಮೀಟರಿಗೆ ಹದಿನಾಲ್ಕು ವ್ಯಾಟು ನುಂಗುವ ಐದು ಮೀಟರಿನ ಪೂರ್ತಿ ಸುರುಳಿಯನ್ನೇ ಸುತ್ತಲೂ ಬಿಗಿಯುವ ಹವಣಿಕೆಯಲ್ಲಿದ್ದನು.

ಅವನನ್ನು ತಡೆದದ್ದು ಉಪದೇಶವಲ್ಲ, ಬ್ಯಾಟರಿಯ ಲೆಕ್ಕ. ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬತ್ತಿಸಿದರೆ ಅದರ ಆಯುಸ್ಸು ಬೇಗ ಸವೆಯುತ್ತದೆ. ಆದುದರಿಂದ ನಲವತ್ತು ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ನಮ್ಮ ಕೈಗೆ ಬರುವುದು ಇಪ್ಪತ್ತು. ಹತ್ತು ವ್ಯಾಟಿನ ದೀಪವು ರಾತ್ರಿಗೆ ನಾಲ್ಕು ಗಂಟೆ ಉರಿದರೆ ಮೂರೂಕಾಲು ಆಂಪಿಯರ್-ಗಂಟೆ ಖರ್ಚು, ಆರು ರಾತ್ರಿ ನಿಶ್ಚಿಂತೆ. ಎಪ್ಪತ್ತು ವ್ಯಾಟು ಉರಿಸಿದರೆ ಮೊದಲ ರಾತ್ರಿಯೇ ದಿವಾಳಿ. ಬಿಸಿಲಿನ ಕಾಲದಲ್ಲಿ ಮಾಡಿನ ಮೇಲೆ ಇಪ್ಪತ್ತು ವ್ಯಾಟಿನ ಸಣ್ಣ ಸೌರಫಲಕವಿದ್ದರೂ ಹತ್ತು ವ್ಯಾಟಿನ ಮಿತಿಯವನಿಗೆ ಸಾಕಾಗುತ್ತದೆ, ಆದರೆ ಆಷಾಢ ಶ್ರಾವಣಗಳಲ್ಲಿ ಸೂರ್ಯನ ಮುಖವನ್ನೇ ಕಾಣದೆ ದಿನಗಳು ಕಳೆಯುವ ಈ ಸೀಮೆಯಲ್ಲಿ ಫಲಕವನ್ನು ನೆಚ್ಚುವಂತಿಲ್ಲ. ಗಾಡಿ ಓಡುವಾಗ ಅದರ ಆಲ್ಟರ್ನೇಟರಿನಿಂದಲೇ ತುಂಬಿಸಿಕೊಳ್ಳಬೇಕು, ಎಂಜಿನ್ ನಿಂತೊಡನೆ ದೀಪದ ಬ್ಯಾಟರಿಯನ್ನು ಸ್ಟಾರ್ಟರಿನ ಬ್ಯಾಟರಿಯಿಂದ ಬೇರ್ಪಡಿಸುವ ಒಂದು ರಿಲೇಯನ್ನು ನಡುವೆ ಇಡಬೇಕು. ಇಲ್ಲದಿದ್ದರೆ ರಾತ್ರಿ ಪುಸ್ತಕ ಓದಿದ ತಪ್ಪಿಗೆ ಬೆಳಗ್ಗೆ ಗಾಡಿಯನ್ನು ತಳ್ಳಬೇಕಾಗುತ್ತದೆ.

ಮನೆಯಲ್ಲಿ ಇದಾವುದರ ಅರಿವೂ ನಮಗಿರುವುದಿಲ್ಲ. ಹೊನ್ನಾವರದಲ್ಲಿ ಕಡಲನ್ನು ಸೇರುವ ಶರಾವತಿಯು ಅದಕ್ಕೆ ಮೊದಲು ಜೋಗದಲ್ಲಿ 1948ರಿಂದ, 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದ ಮೇಲೆ ಇನ್ನೂ ದೊಡ್ಡ ಪ್ರಮಾಣದಲ್ಲಿ, ಕೊನೆಗೆ ಗೇರುಸೊಪ್ಪೆಯಲ್ಲಿ ಮತ್ತೆ ಇನ್ನೂರ ನಲವತ್ತು ಮೆಗಾವ್ಯಾಟಿನಷ್ಟು, ನಾಡಿನ ದೀಪಗಳಿಗಾಗಿ ದುಡಿದು ಬಂದಿರುತ್ತಾಳೆ. ಆ ಬೆಳಕಿಗಾಗಿ ಮುಳುಗಿದ ಹಳ್ಳಿಗಳ, ಎದ್ದುಹೋದ ಒಕ್ಕಲುಗಳ ಕಥೆ ಮಲೆನಾಡಿನಲ್ಲಿ ಇನ್ನೂ ಹಸಿಯಾಗಿದೆ. ಗೋಡೆಯ ಮೇಲಿನ ಗುಂಡಿಯನ್ನು ಒತ್ತುವ ಬೆರಳಿಗೆ ಮಾತ್ರ ಅದರ ಭಾರ ತಟ್ಟುವುದಿಲ್ಲ. ತನ್ನ ಬೆಳಕನ್ನು ತಾನೇ ಹೊತ್ತು ತಿರುಗುವವನಿಗೆ ಅದು ಖರ್ಚಾಗುವ ಪದಾರ್ಥವೆಂಬುದು ಒಂದು ಸಣ್ಣ ಮಾಪಕದ ಮೇಲಿನ ಅಂಕಿಯಾಗಿ ಪ್ರತಿ ಸಂಜೆ ಕಣ್ಣೆದುರಿಗೇ ಇರುತ್ತದೆ. ಅಪರಿಗ್ರಹವನ್ನು ಕುರಿತು ನಾನು ಕೇಳಿದ ಪ್ರವಚನಗಳು ಯಾವುವೂ ಆ ಅಂಕಿಯಷ್ಟು ಪರಿಣಾಮವನ್ನು ಆ ಹುಡುಗನ ಮೇಲೆ ಮಾಡಲಾರವು ಎಂದು ನನಗೆ ತೋರುತ್ತದೆ.

ವೋಲ್ಟು ಕಡಿಮೆಯಾದುದರಿಂದ ಅಪಾಯವೂ ಕಡಿಮೆಯೆಂಬ ಭಾವನೆಯು ಅರ್ಧಸತ್ಯ. ಹನ್ನೆರಡು ವೋಲ್ಟು ಮುಟ್ಟಿದವನನ್ನು ಝಾಡಿಸುವುದಿಲ್ಲ, ನಿಜ. ಆದರೆ ಅದೇ ಹತ್ತು ವ್ಯಾಟಿನ ಕೆಲಸಕ್ಕೆ ಮನೆಯ 230 ವೋಲ್ಟಿನ ತಂತಿಯಲ್ಲಿ ಹರಿಯುವುದರ ಹತ್ತೊಂಬತ್ತು ಪಟ್ಟು ಪ್ರವಾಹ ಇಲ್ಲಿ ಹರಿಯಬೇಕು. ತಂತಿ ತೆಳುವಾದರೆ ದೂರದ ತುದಿಯಲ್ಲಿ ದೀಪ ಮಂಕಾಗುತ್ತದೆ, ತಂತಿಗೆ ತಂತಿ ತಗಲಿತೋ, ನೂರಾರು ಆಂಪಿಯರು ಒಮ್ಮೆಗೇ ನುಗ್ಗಿ ಪ್ಲೈವುಡ್ಡಿಗೆ ಬೆಂಕಿ ಹತ್ತುತ್ತದೆ. ಕುಮಟೆಯಲ್ಲಿ ಹೆದ್ದಾರಿಯ ಮಗ್ಗುಲಿಗೆ ಗಾಡಿಗಳ ವಯರಿಂಗ್ ಕೆಲಸ ಮಾಡುವ ಒಬ್ಬರ ಅಂಗಡಿಗೆ ನಾವಿಬ್ಬರೂ ಹೋದಾಗ, ಒಂದೇ ಆಂಪಿಯರಿನ ದೀಪಕ್ಕೆ ಐದು ಆಂಪಿಯರಿನ ಫ್ಯೂಜನ್ನು ಅವರು ಹಾಕುತ್ತಿದ್ದುದನ್ನು ಕಂಡು ನಾನು ಕಾರಣ ಕೇಳಿದೆ. “ಮಾಸ್ತರ್ರೇ, ಫ್ಯೂಜು ಬಲ್ಬಿಗಲ್ಲ, ವೈರಿಗೆ. ಬಲ್ಬ್ ಸುಟ್ಟರೆ ಬಲ್ಬೊಂದೇ ಹೋಯ್ತು. ವೈರ್ ಸುಟ್ಟರೆ ಗಾಡಿಯೇ ಹೋಯ್ತು” ಎಂದು, ಬ್ಯಾಟರಿಯ ಧನಧ್ರುವದಿಂದ ಗೇಣಿನೊಳಗೇ ಅದನ್ನು ಕೂರಿಸಿದರು, ಬ್ಯಾಟರಿಗೂ ಫ್ಯೂಜಿಗೂ ನಡುವಿನ ತಂತಿಗೆ ಕಾವಲಿಲ್ಲವಾದುದರಿಂದ ಆ ಅಂತರ ಆದಷ್ಟು ಚಿಕ್ಕದಾಗಿರಬೇಕಷ್ಟೆ. ವ್ರತನಿಯಮಗಳನ್ನು ಕುರಿತು ಯೋಚಿಸುವವರು ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಕೇಡಿಲ್ಲ. ನಿಯಮವು ಭೋಗ್ಯವಸ್ತುವನ್ನು ಕಾಪಾಡುವುದಕ್ಕಲ್ಲ, ಅದು ಹರಿದು ಬರುವ ದಾರಿಯನ್ನು ಕಾಪಾಡುವುದಕ್ಕೆ.

ಕರಾವಳಿಯ ಉಪ್ಪುಗಾಳಿಯನ್ನು ಕುರಿತೂ ಅವರು ಹೇಳಿದ್ದುಂಟು. ಬರಿಯ ತಾಮ್ರದ ಎಳೆ ಒಂದೆರಡು ಮಳೆಗಾಲದೊಳಗೆ ಕಿಲುಬು ಹಿಡಿದು ಹಸುರಾಗುತ್ತದೆ, ಹೊಸೆದು ಟೇಪು ಸುತ್ತಿದ ಕೂಡಿಕೆಯು ಸಡಿಲಗೊಂಡು ಬಿಸಿಯಾಗುತ್ತದೆ. ತವರದ ಲೇಪವಿರುವ ತಂತಿ, ಒತ್ತಿ ಕೂರಿಸಿದ ಲಗ್ಗು, ಅದರ ಮೇಲೆ ಬಿಸಿಗೆ ಮುದುಡುವ ಸ್ಲೀವು, ಇಷ್ಟಿದ್ದರೆ ಬಾಳಿಕೆ ಬರುತ್ತದೆ. ಹಿಂದಿರುಗುವ ಪ್ರವಾಹಕ್ಕೆ ತುಕ್ಕು ಹಿಡಿದ ಚಾಸಿಯನ್ನು ನಂಬದೆ ಬೇರೆ ತಂತಿಯನ್ನೇ ಎಳೆಯಬೇಕು. ಪಟ್ಟಿಯ ಕುಶಲವೊಂದನ್ನು ಮಾತ್ರ ನಾನೇ ಅಳಿಯನಿಗೆ ತೋರಿಸಿದೆ: ಅದರಲ್ಲಿ ಮೂರು ಮೂರು ದೀಪಕಣಗಳು ಒಂದು ರೋಧಕದೊಡನೆ ಸಾಲಾಗಿ ಕಟ್ಟಲ್ಪಟ್ಟಿರುತ್ತವೆ, ಆ ಮೂರು ಕಣಗಳೇ ಒಂಬತ್ತು ವೋಲ್ಟಿಗೂ ಮಿಕ್ಕು ತೆಗೆದುಕೊಳ್ಳುವುದರಿಂದ ರೋಧಕದ ಪಾಲಿಗೆ ಉಳಿಯುವುದು ಮೂರಕ್ಕಿಂತ ಕಡಿಮೆ; ಎಂಜಿನ್ ಓಡುವಾಗ ಹನ್ನೆರಡು ವೋಲ್ಟು ಹದಿನಾಲ್ಕನ್ನು ದಾಟಿದರೆ, ಏರಿಕೆಯ ಬಹುಭಾಗವೆಲ್ಲ ಆ ರೋಧಕದ ಮೇಲೆಯೇ ಬಿದ್ದು, ಪ್ರವಾಹವು ಒಂದೂವರೆ ಪಟ್ಟಿಗೂ ಮೀರುತ್ತದೆ, ಪಟ್ಟಿಯು ಕಾದು ಬಹಳ ಬೇಗ ಮುಪ್ಪಾಗುತ್ತದೆ. ವೋಲ್ಟನ್ನು ಹನ್ನೆರಡಕ್ಕೇ ನಿಲ್ಲಿಸುವ ಬೆರಳುದ್ದದ ಪರಿವರ್ತಕವೊಂದನ್ನು ಸೇರಿಸಿದರೆ ತೊಂದರೆ ತೀರಿತು. ಇನ್ವರ್ಟರಿನಿಂದ ಹನ್ನೆರಡನ್ನು 230ಕ್ಕೆ ಏರಿಸಿ, ಮನೆಯ ಬಲ್ಬಿನೊಳಗೆ ಮತ್ತೆ ಅದನ್ನು ಇಳಿಸಿ ಉರಿಸುವವರೂ ಇದ್ದಾರೆ. ಅವರ ವಿಷಯದಲ್ಲಿ ಏನನ್ನೂ ಹೇಳದಿರುವುದು ಲೇಸು.

ಇಷ್ಟಾದ ಮೇಲೆ, ದೀಪವು ಯಾತಕ್ಕೆ ಎಂದು ಕೇಳಿಕೊಳ್ಳುವ ಅವಕಾಶ ಬಂದಿತು. ಬೃಹದಾರಣ್ಯಕೋಪನಿಷತ್ತಿನಲ್ಲಿ ಜನಕಮಹಾರಾಜನು ಯಾಜ್ಞವಲ್ಕ್ಯನನ್ನು ಕೇಳುವುದು ಈ ಪ್ರಶ್ನೆಯನ್ನೇ: ಈ ಪುರುಷನಿಗೆ ಯಾವುದು ಬೆಳಕು? ಸೂರ್ಯನೆಂದು ಉತ್ತರ, ಅವನ ಬೆಳಕಿನಲ್ಲಿ ಮನುಷ್ಯನು ಕುಳಿತುಕೊಳ್ಳುತ್ತಾನೆ, ಹೊರಗೆ ಹೋಗುತ್ತಾನೆ, ಕೆಲಸ ಮಾಡುತ್ತಾನೆ, ಹಿಂದಿರುಗುತ್ತಾನೆ. ಸೂರ್ಯನು ಮುಳುಗಿದರೆ ಚಂದ್ರ, ಚಂದ್ರನೂ ಮುಳುಗಿದರೆ ಅಗ್ನಿ, ಅಗ್ನಿಯೂ ಆರಿದರೆ ವಾಕ್ಕು, ವಾಕ್ಕೂ ಅಡಗಿದರೆ ಆತ್ಮವೇ ಬೆಳಕು. ಈ ಸರಣಿಯಲ್ಲಿ ನನಗೆ ಸೋಜಿಗವಾಗಿ ಕಾಣುವುದು ಕಡೆಯ ಮೆಟ್ಟಿಲಲ್ಲ, ಅದರ ಹಿಂದಿನದು. ತನ್ನ ಕೈಯೇ ಕಾಣದ ಕಡೆಯಲ್ಲಿ ಮನುಷ್ಯನು ಧ್ವನಿ ಬಂದತ್ತ ನಡೆಯುತ್ತಾನೆಂಬುದನ್ನು ಋಷಿಯು ಅನುಭವದಿಂದಲೇ ಹೇಳಿರಬೇಕು. ಅಮಾವಾಸ್ಯೆಯ ಇರುಳಲ್ಲಿ ಅಳಿವೆಯ ಬಾಯಿಗೆ ಬರುವ ನಾಡದೋಣಿಯವರು ಒಬ್ಬರನ್ನೊಬ್ಬರು ಕೂಗಿ ಕರೆಯುವುದನ್ನು ಕೇಳಿದವರಿಗೆ ಅದರಲ್ಲಿ ಸಂಶಯವಿರಲಾರದು. ಕುಳಿತುಕೊಳ್ಳುವುದಕ್ಕೆ ಒಂದು, ಸಾರಿಗೆ ಒಗ್ಗರಣೆ ಹಾಕುವುದಕ್ಕೆ ಒಂದು, ಓದುವುದಕ್ಕೆ ತಲೆದೆಸೆಯಲ್ಲಿ ಒಂದು, ಇಳಿಯುವ ಮೆಟ್ಟಿಲಿಗೆ ಒಂದು ಎಂದು ಕ್ರಿಯೆಗೊಂದು ದೀಪವನ್ನಿಟ್ಟು, ಅದರದರ ಗುಂಡಿಯನ್ನು ಅದರದರ ಬಳಿಯಲ್ಲೇ ಇರಿಸುವುದಾದರೆ, ಉಪನಿಷತ್ತಿನ ಆ ಪಟ್ಟಿಗೆ ವಿರೋಧವೇನೂ ಬರುವುದಿಲ್ಲ. ವ್ಯಾನನ್ನೆಲ್ಲ ಬೆಳಗುವ ಒಂದೇ ಮಹಾದೀಪವು ಅದರಲ್ಲಿ ಎಲ್ಲಿಯೂ ಸೇರುವುದಿಲ್ಲ.

ದೀಪವನ್ನು ಕುರಿತು ಅನುಮಾನ ಪಟ್ಟವರು ಈ ನೆಲದಲ್ಲಿ ಹಿಂದೆಯೇ ಇದ್ದರು. ಶರಾವತಿಯ ದಡದಲ್ಲಿ, ಗೇರುಸೊಪ್ಪೆಯ ನಗರಬಸ್ತಿಕೇರಿಯ ಕಾಡಿನೊಳಗೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿರುವ ಚತುರ್ಮುಖ ಬಸದಿಯೂ ಭಟ್ಕಳದ ಚಂದ್ರನಾಥೇಶ್ವರ ಬಸದಿಯೂ ಹದಿನಾರನೆಯ ಶತಮಾನದ ರಾಣಿ ಚೆನ್ನಭೈರಾದೇವಿಯ ನಾಡಿನ ಜೈನಸಮಾಜವನ್ನು ನೆನಪಿಗೆ ತರುತ್ತವೆ. ಆ ಸಮಾಜದ ಗೃಹಸ್ಥನು ಸೂರ್ಯಾಸ್ತದ ಮೇಲೆ ಊಟ ಮಾಡುತ್ತಿರಲಿಲ್ಲ. ದೀಪ ಹಚ್ಚಿಕೊಂಡು ಉಂಡರಾಗದೆ ಎಂಬ ಸಹಜವಾದ ಆಕ್ಷೇಪಕ್ಕೆ ಅಮೃತಚಂದ್ರಾಚಾರ್ಯನು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಕೊಟ್ಟ ಸಮಾಧಾನವು ಗಮನಾರ್ಹವಾದದ್ದು. ದೀಪವನ್ನು ಹಚ್ಚಿದರೂ ಸೂರ್ಯನ ಬೆಳಕಿಲ್ಲದೆ ಉಣ್ಣುವವನು ಅನ್ನಕ್ಕೆರಗುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ತಪ್ಪಿಸುವುದು ಹೇಗೆ ಎಂದು ಅವನು ಮರಳಿ ಕೇಳುತ್ತಾನೆ. ಮುಂಗಾರಿನ ಮೊದಲ ಮಳೆಯ ಸಂಜೆ ವ್ಯಾನಿನ ಬಾಗಿಲನ್ನು ತೆರೆದು, ಬೆಳ್ಳನೆಯ ಪಟ್ಟಿಯನ್ನು ಹೊತ್ತಿಸಿ, ತಟ್ಟೆಯ ಮುಂದೆ ಕುಳಿತವನಿಗೆ ಆ ಪ್ರಶ್ನೆಯ ಅರ್ಥ ಭಾಷ್ಯವಿಲ್ಲದೆ ಆಗುತ್ತದೆ. ಮಳೆಹುಳುಗಳ ರೆಕ್ಕೆಗಳು ಅನ್ನದ ಮೇಲೆ, ನೀರಿನ ಲೋಟದಲ್ಲಿ, ಪಟ್ಟಿಯ ಅಂಟಿನಲ್ಲಿ. ನೀಲಿಯಂಶ ಹೆಚ್ಚಾಗಿರುವ ತಣ್ಣನೆಯ ಬಿಳುಪಿಗೆ ಹುಳುಗಳು ಹೆಚ್ಚಾಗಿಯೂ, 2700 ಕೆಲ್ವಿನ್ನಿನ ಹಳದಿಗೆ ಕಡಿಮೆಯಾಗಿಯೂ ಮುತ್ತುತ್ತವೆ. ಆದುದರಿಂದ ಹಳದಿಯ ಪಟ್ಟಿಯನ್ನು ಆರಿಸಿಕೊಳ್ಳುವುದು ಕಣ್ಣಿಗೆ ಹಿತವೆಂಬುದಷ್ಟೇ ಅಲ್ಲ, ಅಹಿಂಸೆಯ ಒಂದು ಅಣುವ್ರತವೂ ಹೌದು.

ಕಡಲಿನ ಕಡೆಗೆ ತಿರುಗಿದರೆ ಹಿಂಸೆಯ ಪ್ರಮಾಣ ಬೇರೆಯಾಗುತ್ತದೆ. ದೋಣಿಯ ಮೇಲೆ ಜನರೇಟರನ್ನು ಹೂಡಿ, ಕಣ್ಣು ಕುಕ್ಕುವ ದೀಪಗಳನ್ನು ನೀರಿನ ಮೇಲೆ ಹರಿಸಿ, ಬೆಳಕಿಗೆ ಮರುಳಾಗಿ ಮೇಲೆದ್ದು ಬರುವ ಮೀನನ್ನು ಮರಿ ಬಲಿತದ್ದೆನ್ನದೆ ಬಾಚುವ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರಸರ್ಕಾರವು 2017ರಲ್ಲಿ ನಿಷೇಧಿಸಿತು. ನಾಡದೋಣಿಯವರ ಕೂಗು ಮಾತ್ರ ಇನ್ನೂ ಅಡಗಿಲ್ಲ. ಹೊನ್ನಾವರ ತಾಲ್ಲೂಕಿನ ಕಾಸರಕೋಡು ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಚಳಿಗಾಲದ ತಿಂಗಳುಗಳಲ್ಲಿ ಬಂದು ಮೊಟ್ಟೆಯಿಡುತ್ತವೆ. ಒಂದೂವರೆ ಎರಡು ತಿಂಗಳ ಮೇಲೆ ಅಂಗೈಯೊಳಗೆ ಅಡಗುವಷ್ಟು ಚಿಕ್ಕ ಮರಿಗಳು ಇರುಳಿನಲ್ಲಿ ಮರಳನ್ನು ಒದ್ದು ಮೇಲೆ ಬಂದು, ಎಲ್ಲಿ ದಿಗಂತವು ಹೆಚ್ಚು ಬೆಳ್ಳಗಿದೆಯೋ ಅತ್ತ ತೆವಳುತ್ತವೆ. ಸೃಷ್ಟಿಯ ಏರ್ಪಾಡಿನಲ್ಲಿ ಆ ಬೆಳ್ಳಗಿನ ದಿಕ್ಕೆಂದರೆ ನಕ್ಷತ್ರಗಳನ್ನು ಪ್ರತಿಫಲಿಸುವ ಕಡಲು, ಕರ್ರಗಿನ ದಿಕ್ಕೆಂದರೆ ದಡದ ಗಿಡಮರಗಳು. ದಡದಲ್ಲಿ ಒಂದು ಉಪಾಹಾರಗೃಹದ ದೀಪವೋ, ನಿಲ್ಲಿಸಿದ ವ್ಯಾನಿನ ತೆರೆದ ಬಾಗಿಲೋ ಹೊಳೆಯುತ್ತಿದ್ದರೆ ಅವು ತಿರುಗಿ ಅದರ ಕಡೆಗೇ ಬರುತ್ತವೆ, ನಾಯಿಗೋ ಕಾಗೆಗೋ ಮರುದಿನದ ಬಿಸಿಲಿಗೋ ತುತ್ತಾಗುತ್ತವೆ.

ಹಾಗಾದರೆ ಕತ್ತಲೆಗೆ ಒಂದು ಕಾರ್ಯವುಂಟು, ಕಾರ್ಯವುಂಟಾದರೆ ಅದು ವಸ್ತುವೇ ಸರಿ, ಭಾಟ್ಟರು ಗೆದ್ದರು ಎಂದು ತಾಳ ತಟ್ಟುವ ಮೊದಲು ನೈಯಾಯಿಕನ ಮಾತನ್ನು ಕೇಳತಕ್ಕದ್ದು ನ್ಯಾಯ. ಆಮೆಯ ಮರಿಯನ್ನು ಕಡಲಿಗೆ ಕರೆದೊಯ್ದದ್ದು ಕತ್ತಲೆಯಲ್ಲ, ಕಡಲಿನ ಮೇಲಣ ಬೆಳಕು; ಅದನ್ನು ದಾರಿ ತಪ್ಪಿಸಿದ್ದೂ ಬೆಳಕೇ; ದಡದ ಕತ್ತಲೆಯು ಇಲ್ಲಿ ಪ್ರತಿಬಂಧಕವಿಲ್ಲದಿರುವಿಕೆ ಮಾತ್ರ ಎಂದು ಅವನು ಹೇಳುವನು. ಇದು ಬಲವಾದ ಉತ್ತರ. ಆದರೆ ಈ ಉತ್ತರವನ್ನು ಕೊಟ್ಟ ಕ್ಷಣದಲ್ಲಿಯೇ ಅವನು ನಮಗೆ ಬೇಕಾದದ್ದನ್ನು ಕೊಟ್ಟುಬಿಟ್ಟಿದ್ದಾನೆ. ಏಕೆಂದರೆ ಅವನ ಶಾಸ್ತ್ರದಲ್ಲಿ ಅಭಾವವೆಂದರೆ ಶೂನ್ಯವಲ್ಲ. ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯಗಳ ಜೊತೆಗೆ ಏಳನೆಯ ಪದಾರ್ಥವಾಗಿ ಅವನೇ ಅದನ್ನು ಎಣಿಸಿದ್ದಾನೆ, ಪ್ರತಿಬಂಧಕದ ಅಭಾವವು ಕಾರ್ಯಕ್ಕೆ ಕಾರಣಗಳಲ್ಲಿ ಒಂದು ಎಂದೂ ಅವನೇ ಒಪ್ಪಿದ್ದಾನೆ. ಕತ್ತಲೆಯನ್ನು ದ್ರವ್ಯವೆಂದರೂ ಅಭಾವವೆಂದರೂ ಅದು ಲೋಕದ ಲೆಕ್ಕದಲ್ಲಿ ಬರೆದಿಡಬೇಕಾದ ಸಂಗತಿಯೇ ಆಯಿತು. ಕತ್ತಲೆಯೆಂದರೆ ಏನೂ ಅಲ್ಲ, ಎಷ್ಟು ತುಂಬಿದರೂ ಏನೂ ಕಳೆಯದು ಎಂಬ ಮೂರನೆಯ ಮತವು ನಮ್ಮ ಯಾವ ದರ್ಶನಕಾರನದೂ ಅಲ್ಲ. ಅದು ದೀಪ ಮಾರುವ ಅಂಗಡಿಯವನ ಮತ.

ಬೆಳಕೇ ಮರೆಯಾಗಬಲ್ಲದೆಂಬ ಮಾತು ಕೂಡ ಹೊಸದಲ್ಲ. ಸತ್ಯದ ಮುಖವು ಹೊನ್ನಿನ ಪಾತ್ರೆಯಿಂದ ಮುಚ್ಚಿದೆಯೆಂದು ಈಶಾವಾಸ್ಯದ ಋಷಿಯು ಪೂಷನಲ್ಲಿ ಮೊರೆಯಿಡುತ್ತಾನೆ; ಮುಚ್ಚಿದ್ದು ಮಸಿಯಲ್ಲ, ಹೊಳಪು. ಭಟ್ಕಳದ ನವಾಯತರ ಮಸೀದಿಗಳಲ್ಲಿ ಪಠಿಸಲ್ಪಡುವ ಖುರಾನಿನ ‘ಅನ್-ನೂರ್’ ಅಧ್ಯಾಯವು ದೇವರ ಬೆಳಕನ್ನು ಹೇಳುವಾಗ ಬಯಲಿನ ಪಂಜನ್ನಲ್ಲ, ಗೋಡೆಯ ಗೂಡಿನೊಳಗೆ ಗಾಜಿನ ಆವರಣದಲ್ಲಿ ಉರಿಯುವ ದೀಪವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳುತ್ತದೆ. ಅದಕ್ಕೆ ‘ಮಿಶ್ಕಾತುಲ್ ಅನ್ವಾರ್’ ಎಂಬ ವಿವರಣೆಯನ್ನು ಬರೆದ ಇಮಾಮ್ ಗಜಾಲಿಯು ಕೊನೆಯ ಭಾಗದಲ್ಲಿ, ಕತ್ತಲೆಯ ತೆರೆಗಳಿಂದ ದೇವರಿಗೆ ಮರೆಯಾದವರನ್ನು ಮಾತ್ರವಲ್ಲದೆ ಬೆಳಕಿನ ತೆರೆಗಳಿಂದಲೇ ಮರೆಯಾದವರನ್ನೂ ವಿಂಗಡಿಸಿ ಹೇಳುತ್ತಾನೆ. ದೂರದ ದೇಶಗಳ ಇಬ್ಬರು ಜ್ಞಾನಿಗಳಿಗೆ ಒಂದೇ ಅನುಮಾನ ಬಂದಿರುವಾಗ, ಅಳಿಯನ ಪಟ್ಟಿಯನ್ನು ಕಣ್ಣಿಗೆ ನೇರವಾಗಿ ಬೀಳದಂತೆ ಅಲ್ಯೂಮಿನಿಯಮ್ಮಿನ ಕಾಲುವೆಯಲ್ಲಿ ಕೂರಿಸಿ, ಹಾಲುಬಣ್ಣದ ಮುಚ್ಚಳ ಹಾಕಿ, ಮಾಡಿನ ಕಡೆಗೆ ತಿರುಗಿಸಲು ನನಗೆ ಬೇರೆ ಪ್ರಮಾಣ ಬೇಕಾಗಲಿಲ್ಲ. ಬೆಳಕು ಮಾಡಿಗೆ ತಾಗಿ ಹಾಸಿಗೆಯ ಮೇಲೆ ಇಳಿಯುತ್ತದೆ, ಅದರ ಮೂಲವು ಕಾಣುವುದಿಲ್ಲ. ಡಿಮ್ಮರನ್ನು ತಗ್ಗಿಸಿದರೆ ಕಿಟಕಿಯ ಹೊರಗೆ ಕೃತ್ತಿಕೆಯ ಗುಂಪನ್ನು ಎಣಿಸಬಹುದು.

ಅಳಿಯನ ಪಂಥಕ್ಕೆ ಪೂರ್ವಸೂರಿಗಳಿಲ್ಲವೆಂದು ಯಾರೂ ತಿಳಿಯಬಾರದು. ವ್ಯಾನುಗಳು ಬರುವುದಕ್ಕೆ ಬಹು ಮೊದಲೇ ಈ ದಾರಿಗಳಲ್ಲಿ ತಮ್ಮ ಬೆಳಕನ್ನು ತಾವೇ ಹೊತ್ತು ಊರಿಂದೂರಿಗೆ ನಡೆದವರು ಯಕ್ಷಗಾನ ಮೇಳದವರು. ಪೆಟ್ಟಿಗೆಯೊಡನೆ ದೀವಟಿಗೆಯೂ ಎಣ್ಣೆಯೂ, ಮುಂದೆ ಪೆಟ್ರೋಮ್ಯಾಕ್ಸೂ ಅವರೊಡನೆ ಪಯಣಿಸಿದವು, ಗದ್ದೆಯ ಬಯಲಿನಲ್ಲಿ ಆ ಬೆಳಕು ಬಿದ್ದಷ್ಟು ಜಾಗ ಸ್ವರ್ಗವೂ ಲಂಕೆಯೂ ಆಯಿತು. ಹೊನ್ನಾವರ ತಾಲ್ಲೂಕಿನ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಹಳೆಯ ಆಟಗಳನ್ನು ನೋಡಿದ ಹಿರಿಯರು, ವಿದ್ಯುತ್ತಿನ ಪ್ರಖರತೆ ಬಂದ ಮೇಲೆ ಮುಖವರ್ಣಿಕೆಯ ಗೆರೆಗಳು ಎಲ್ಲರಿಗೂ ಕಂಡವು, ರಾಕ್ಷಸನು ಮಾತ್ರ ಕಾಣದಾದನು ಎಂದು ನಗುತ್ತಿದ್ದರು. ವಿದ್ಯಾರಣ್ಯರ ಪಂಚದಶಿಯಲ್ಲಿ ಹತ್ತನೆಯದಾದ ನಾಟಕದೀಪಪ್ರಕರಣವು ಇಂಥ ಒಂದು ರಂಗದ ದೀಪವನ್ನೇ ಸಾಕ್ಷಿಚೈತನ್ಯಕ್ಕೆ ನಿದರ್ಶನವಾಗಿ ಇಡುತ್ತದೆ: ಆ ದೀಪವು ಪ್ರಭುವನ್ನೂ ಸಭಿಕರನ್ನೂ ನರ್ತಕಿಯನ್ನೂ ಭೇದವಿಲ್ಲದೆ ಬೆಳಗುತ್ತದೆ, ಅವರೆಲ್ಲ ಎದ್ದುಹೋದ ಮೇಲೂ ತನ್ನಷ್ಟಕ್ಕೆ ಬೆಳಗುತ್ತಿರುತ್ತದೆ. ಶಿವರಾಮ ಹೆಗಡೆಯವರ ಮಗ ಶಂಭು ಹೆಗಡೆಯವರು 2009ರ ಫೆಬ್ರವರಿಯ ಒಂದು ರಾತ್ರಿ ಇಡಗುಂಜಿಯ ಆಟದಲ್ಲಿ ವೇಷದಲ್ಲಿದ್ದಂತೆಯೇ ಅಸ್ವಸ್ಥರಾಗಿ ತೀರಿಕೊಂಡ ಸುದ್ದಿಯನ್ನು ಕೇಳಿದಾಗ ನನಗೆ ಆ ಪ್ರಕರಣವು ನೆನಪಾಯಿತು. ಆದರೂ ಒಂದು ಸಂದೇಹ ಉಳಿಯುತ್ತದೆ. ಖಾಲಿ ರಂಗದಲ್ಲಿ ಉರಿಯುತ್ತಲೇ ಇರುವ ದೀಪವು ಆತ್ಮಕ್ಕೆ ಒಪ್ಪುವ ಉಪಮೆ. ನಿಜವಾದ ದೀಪಕ್ಕೆ ಅದು ವಿಧಿಯಲ್ಲ. ಸಾಕ್ಷಿಯು ಎಣ್ಣೆಯನ್ನು ಬೇಡುವುದಿಲ್ಲ, ರಂಗದ ದೀಪ ಬೇಡುತ್ತದೆ. ದೃಷ್ಟಾಂತವನ್ನು ಸಿದ್ಧಾಂತವೆಂದು ಹಿಡಿದುಕೊಂಡುದರಿಂದಲೇ ನಾವು ಜನರಿಲ್ಲದ ಬೀದಿಗಳನ್ನು ಬೆಳಗಿನ ಜಾವದವರೆಗೆ ಬೆಳಗುತ್ತಿದ್ದೇವೋ ಏನೋ.

ಅಳಿಯನು ವ್ಯಾನಿನ ಹಿಂಬಾಗಿಲಿಗೆ ಕೆಂಪು ಬಣ್ಣದ, ಅರ್ಧ ವ್ಯಾಟಿನ, ನೆಲವನ್ನು ಮಾತ್ರ ನೋಡುವ ಮೆಟ್ಟಿಲುದೀಪವನ್ನು ಕೂರಿಸಿ ಬಂದು, ನನ್ನ ಮಾತನ್ನೆಲ್ಲ ಸಮಾಧಾನದಿಂದ ಕೇಳಿಕೊಂಡು, “ನನ್ನ ಹತ್ತು ವ್ಯಾಟಿಗೆ ಇಷ್ಟು ಶಾಸ್ತ್ರ ಹೇಳಿದಿರಿ ಮಾವ, ಕಡಲ ದಂಡೆಗೆ ಹಾಕಿರುವ ಹೈಮಾಸ್ಟ್ ದೀಪಕ್ಕೆ ಯಾರು ಹೇಳುವವರು?” ಎಂದು ಕೇಳಿದನು. ಅವನ ಮಾತು ಸರಿಯಾಗಿದೆ. ಒಬ್ಬನ ವ್ರತದಿಂದ ಒಂದು ವ್ಯಾನಿನ ಕತ್ತಲೆ ಉಳಿದರೂ, ಎತ್ತರದ ಒಂದೇ ಕಂಬ ಅರ್ಧ ಮೈಲಿಯ ಮರಳನ್ನು ಹಗಲು ಮಾಡುತ್ತದೆ. ಅದನ್ನು ನೆಟ್ಟವರಿಗೆ ಹೆಂಗಸರು ಮಕ್ಕಳು ನಿರ್ಭಯವಾಗಿ ಓಡಾಡಬೇಕೆಂಬ ಒಳ್ಳೆಯ ಉದ್ದೇಶವೇ ಇದ್ದಿತು, ಆ ಉದ್ದೇಶವನ್ನು ಹೀಗಳೆಯುವಂತಿಲ್ಲ. ಆದುದರಿಂದ ದೀಪವನ್ನು ತೆಗೆಯಿರೆಂದು ಕೇಳದೆ, ಅದರ ಮುಖವನ್ನು ನೆಲಕ್ಕೆ ತಿರುಗಿಸಿ ಮೇಲೆ ಮುಚ್ಚಳವಿಡಬೇಕು, ಬಿಳುಪಿನ ಬದಲು ಹಳದಿಯನ್ನು ಹಾಕಬೇಕು, ಆಮೆಯ ಮೊಟ್ಟೆಯೊಡೆಯುವ ತಿಂಗಳುಗಳಲ್ಲಿ ಕಡಲಿಗೆದುರಾದ ದೀಪಗಳನ್ನು ಜನಸಂಚಾರ ನಿಂತ ಮೇಲೆ ಆರಿಸಬೇಕು ಎಂದು ಅರ್ಜಿ ಬರೆಯುವುದೆಂದು ನಿಶ್ಚಯವಾಯಿತು. ಕರಡನ್ನು ಬರೆಯುವ ಹೊಣೆ ನನ್ನದು, ಸಹಿ ಕೂಡಿಸುವುದು ಅವನದು. ಎರಡು ಪುಟ ಮೀರಬಾರದು, ಶ್ಲೋಕಗಳಿರಬಾರದು ಎಂಬ ಅವನ ಷರತ್ತಿಗೆ ನಾನು ಒಪ್ಪಿಕೊಂಡಿದ್ದೇನೆ.